ಹೊಸಿಲಿನ ಒಗಟು

೧೦ ಆಗಸ್ಟ್ ೨೦೨೫, ಪ್ರಾತಃಕಾಲ

ಪೂಜೆ ಮುಗಿಯಿತು. ಎಂದಿನಂತೆ ಗ್ರೂಪಿಗೆ ಒಗಟು ಹಾಕಿದೆ. ತಮಿಳುನಾಡಿನ ಕಂಬಂನಿಂದ ದಿಂಡಿಗಲ್‌ವರೆಗೆ ಚದುರಿದ ನಮ್ಮ ಬಂಧುವರ್ಗದ ವಾಟ್ಸಾಪ್ ಗ್ರೂಪು. ಈ ಕನ್ನಡ ಲಿಪಿ ಬಲ್ಲವರು ಅಲ್ಲಿ ಯಾರೂ ಇಲ್ಲ. ಆದಕಾರಣ ಧ್ವನಿಯಲ್ಲೇ ಕಳಿಸುತ್ತೇನೆ. ಕೂಡಲೇ ಅದರ ಮೇಲೆ ಪಾಂಡಿಯರಾಜನ್ ತನ್ನ ಕಸ ಸುರಿದ — ಯಾವ ದೇಶದ ಬಾವುಟದಲ್ಲಿ ಎಷ್ಟು ನಕ್ಷತ್ರ, ನಾಲ್ಕು ಆಯ್ಕೆ ಸಹಿತ.

ನನ್ನ ತಂಗಿಯ ಮಗ. ಓಡೈಪಟ್ಟಿಯ ದ್ರಾಕ್ಷಿ ವ್ಯಾಪಾರಿ. ಗ್ರೂಪಿನ ಅಡ್ಮಿನ್. ಅವನ ಮಗ ಲೋಗೇಶನಿಗೆ ನನ್ನ ಮೊಮ್ಮಗಳು ಇಂದುಜಾಳನ್ನು ಕೊಡುತ್ತಿದ್ದೇವೆ. ದೈವೇಚ್ಛೆ. ನನ್ನ ಇಚ್ಛೆಯಲ್ಲ.

೧೩ ಆಗಸ್ಟ್

ಗ್ರೂಪಿನಲ್ಲಿ ಸಮಸ್ತರೆದುರು ಪಾಂಡಿಯರಾಜನ ಧ್ವನಿ: "ಮಾಮಾ, ನಿಮ್ಮ ಒಗಟೆಲ್ಲ ಪಳೇ ಸೋರು, ತಂಗಳನ್ನ. ತೆಂಗಿನ್ಕಾಯಿ, ಬೆಳ್ಳುಳ್ಳಿ, ತಿರುಗಾ ತೆಂಗಿನ್ಕಾಯಿ! ಪುದುಸಾ, ಹೊಸ್ದು ಇದ್ರೆ ಹಾಕಿ. ಇಲ್ಲಾಂದ್ರೆ ಗುಡ್ ಮಾರ್ನಿಂಗ್ ಹೂವು ಹಾಕಿ, ಸಾಕು."

ಸಾಲುಸಾಲು ನಗುವ ಮುಖಗಳು.

ಕ್ರೋಧವು ವಿವೇಕದ ಕಣ್ಣು ಕಟ್ಟುತ್ತದೆ. ಬಲ್ಲೆ. ಆದರೂ ಹಾಕಿದೆ — ಬಿಸಿಲಲ್ಲಿ ಹುಟ್ಟಿ, ಹೊತ್ತೇರಿದಂತೆ ಕುಗ್ಗಿ, ಹೊಸಿಲು ದಾಟಿದರೆ ಸಾಯುವ ನೆಂಟ ಯಾರು?

"ನೆರಳು." ಲೋಗೇಶನ ಉತ್ತರ. ನಾನು ಕನ್ನಡಕ ತೆಗೆದಿಡುವಷ್ಟರಲ್ಲಿ. ಕೆಳಗೆ ಅವನ ತಂದೆ: "ಫೋನ್‌ಗೆ ಕೇಳ್ದ, ಅದು ಹೇಳ್ತು. ಅವ್ಳೋದಾ, ಅಷ್ಟೇ ಮಾಮಾ!"

ಅದೇ ದಿನ, ಮಧ್ಯಾಹ್ನ

ಚಿನ್ನಮ್ಮಾಳ್ ಊಟ ಬಡಿಸಲಿಲ್ಲ. ಐವತ್ತು ವರ್ಷದ ದಾಂಪತ್ಯದಲ್ಲಿ ಇಂಥ ಮುಖ ಕಂಡಿರಲಿಲ್ಲ.

"ಆ ಒಗಟು ಇಂದುಜಾ ಕಲ್ಯಾಣಕ್ಕೆ ಕಟ್ಟಿದ್ದಲ್ಲವಾ? ನಿಮ್ ಬಾಯಿ ಚುಮ್ಮಾ ಇರಲ್ವಾ? 'ಬಾಗ್ಲಿಲ್ಲದ ಮನೆ ಹೆಣ್ಣು' ಅಂತ ಅಲ್ಲಿ ಅವಳ ತಲೆ ಮೇಲೆ ಮೆಣಸು ಅರೀತಾರೆ!"

ಸತ್ಯ. ನಮ್ಮಲ್ಲಿ ಮದುವೆಯ ದಿನ ವರ ಬಂದಾಗ ಹೆಣ್ಣಿನ ಕಡೆಯ ಹಿರಿಯ ಕದ ಮುಚ್ಚಿ, ಗುಟ್ಟಾಗಿ ಕಟ್ಟಿದ ಹೊಸ ಒಗಟು ಕೇಳಬೇಕು. ವರನ ಕಡೆಯವರು ಬಿಸಿಲಲ್ಲಿ ನಿಂತು ತಿಣುಕಬೇಕು. ಎಷ್ಟು ಹೊತ್ತು ನಿಲ್ಲುತ್ತಾರೋ ಅಷ್ಟು ಮರ್ಯಾದೆ ಹೆಣ್ಣಿಗೆ. ಸಲೀಸಾಗಿ ನುಗ್ಗಿದರೆ ಆ ಹೀಯಾಳಿಕೆ ಅವಳಿಗೆ ಆಜೀವ.

೨೪ ಆಗಸ್ಟ್

ಬೇರೆ ಒಗಟುಗಳನ್ನು ಕಟ್ಟಿದೆ. ಇಂದುಜಾ ಒಂದೊಂದನ್ನೂ ಫೋನಿಗೆ ಒಪ್ಪಿಸಿದಳು. ಎಲ್ಲವನ್ನೂ ಬಿಡಿಸಿತು — ಪಿಶಾಚಿ.

"ಬಿಡಿ ತಾತಾ. ಗೊತ್ತಿಲ್ಲದಂಗೆ ನಿಂತ್ಕೊಳ್ಳಿ ಅಂತ ಲೋಗೇಶ್‌ಗೆ ಸೊಲ್ಲಿಡ್ತೀನಿ."

"ನಿನ್ ಕರುಣೆಗೆ ನಿಲ್ಲಬಾರ್ದು ಅವನು. ನನ್ ಕೇಳ್ವಿಗೆ ನಿಲ್ಲಬೇಕು."

ಸಂಜೆ ಪಾಂಡಿಯರಾಜನ್ ನನ್ನನ್ನು ಗ್ರೂಪಿನಿಂದಲೇ ತೆಗೆದುಹಾಕಿದ. "ಮಾಮಾಗೆ ಕಲ್ಯಾಣ ಕೆಲ್ಸ ಜಾಸ್ತಿ, ರೆಸ್ಟ್ ತಗೊಳ್ಲಿ" ಎಂದು ಎಲ್ಲರಿಗೂ ಸಾರಿದನಂತೆ.

ಇರಲಿ. ಫೋನಿಗೆ ತಿಳಿಯದ ಪ್ರಶ್ನೆಯೊಂದು ಹೊಳೆದಿದೆ.

೪ ಸೆಪ್ಟೆಂಬರ್, ಸಂಜೆ

ಮದುವೆ ಮುಗಿಯಿತು.

ಬೆಳಿಗ್ಗೆ ಕದ ಮುಚ್ಚಿ ಒಳಗೆ ನಿಂತೆ. ಹೊರಗೆ ನಾದಸ್ವರ ನಿಂತಿತು. ವರನನ್ನಲ್ಲ, ತಂದೆಯನ್ನೇ ಕರೆದೆ.

"ಪಾಂಡೀ, ನಿನ್ ಅಮ್ಮನ ಅಮ್ಮನ ಅಮ್ಮ — ಅವಳ ಪೇರು ಏನು?"

"ಇದು ಒಗಟಾ, ಮಾಮಾ? ಇದು ವಂಬು, ಬೇಕೂಂತ ತೆಗೆದ ಜಗಳ!"

"ಫೋನ್‌ಗೆ ಕೇಳು."

ಯಾರೋ ಕಿಸಕ್ಕೆಂದರು. ಆಮೇಲೆ ಪಿಸುಮಾತು. ಅವನ ತಿಣುಕಾಟವನ್ನು ಪ್ರಸಾದದಂತೆ ಸವಿದೆ. ಮುಹೂರ್ತ ಸಮೀಪಿಸಿತು. ಪುರೋಹಿತರು ಕೆಮ್ಮಿದರು. ನಾನು ಕದಲಲಿಲ್ಲ.

ಬೆನ್ನ ಹಿಂದೆ ಇಂದುಜಾ, ಸರ್ವಾಲಂಕಾರಭೂಷಿತೆ.

"ತಾತಾ, ಅವರಮ್ಮ ನಿಮ್ಮ ತಂಗಿ. ಹಂಗಾದ್ರೆ ಇವಳು ನಿಮ್ಮ ಅಮ್ಮನ ಅಮ್ಮ ತಾನೇ? ಕೇಳೋನಿಗೆ ಉತ್ತರ ಗೊತ್ತಿರಬೇಕು. ನನ್ ಕಿವೀಲಿ ಹೇಳಿ."

"ಬೋಡಿಯವ್ವ," ಎಂದೆ.

"ಅದು ಊರು, ತಾತಾ. ಬೋಡಿಯಿಂದ ಬಂದವಳು. ಪೇರು?"

ಪಿತೃವಂಶದ ಏಳು ತಲೆ ಗಂಡಸರ ಹೆಸರನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಸೊಸೆಯರನ್ನು ತವರೂರಿನಿಂದ ಕರೆಯುವುದು ನಮ್ಮ ರೂಢಿ. ಅದನ್ನೇ ಹೆಸರೆಂದು ನಂಬಿದ್ದೆ...

ಇಂದುಜಾ ಕಾದಳು. ಬಳಿಕ ನನ್ನನ್ನು ಪಕ್ಕಕ್ಕೆ ಸರಿಸಿ ಅಗುಳಿಯನ್ನು ತಾನೇ ತೆಗೆದಳು.

"ಬನ್ನಿ ಮಾಮಾ. ತಾತಾಗೂ ತೆರಿಯಾದು, ಗೊತ್ತಿಲ್ಲ."

ಪಾಂಡಿಯರಾಜನ್ ನಗಲಿಲ್ಲವೆಂದು ಬರೆಯುವ ಆಸೆ. ನಕ್ಕ. ಹೊಟ್ಟೆ ಹಿಡಿದು ನಕ್ಕ.

೨೧ ಸೆಪ್ಟೆಂಬರ್, ಮಹಾಲಯ ಅಮಾವಾಸ್ಯೆ

ಓಡೈಪಟ್ಟಿಯಲ್ಲಿ ಮೊಮ್ಮಗಳ ತಲೆಯ ಮೇಲೆ ಯಾರೂ ಮೆಣಸು ಅರೆಯುತ್ತಿಲ್ಲ. ಕದ ತಾನೇ ತೆಗೆದವಳೆಂದು ಹೆದರುತ್ತಾರಂತೆ. ಹೀಯಾಳಿಕೆ ನನ್ನ ಪಾಲಿಗೆ. ಗ್ರೂಪಿನಲ್ಲಿ ಆ ನೀಚ ದಿನವೂ ಅದೇ ಪ್ರಶ್ನೆ ಹಾಕುತ್ತಿದ್ದಾನಂತೆ. ಮಾಮನ ಅಜ್ಜಿಯ ಪೇರು ಏನು? ನಾಲ್ಕು ಆಯ್ಕೆ — ಪಳನಿಯಮ್ಮಾಳ್, ಮಾರಿಯಮ್ಮಾಳ್, ಕಣ್ಣಮ್ಮಾಳ್, ಮಾಮಾಗೂ ತೆರಿಯಾದು. ಬಹುಮತ ನಾಲ್ಕನೆಯದಕ್ಕಂತೆ.

ತಂಗಿಯನ್ನು ಕೇಳಿದೆ. ಬೋಡಿಯಲ್ಲಿ ಉಳಿದಿರುವ ನೆಂಟರನ್ನು ಕೇಳಿದೆ. ಯಾರಿಗೂ ತಿಳಿಯದು.

ಬೆಳಿಗ್ಗೆ ಮುಲ್ಲೈಯಾರು ಹೊಳೆಯಲ್ಲಿ ತರ್ಪಣ. ತಂದೆ, ಅಜ್ಜ, ಮುತ್ತಜ್ಜ — ಸರಾಗ. ತಾಯಿ. ಆಮೇಲೆ ಪುರೋಹಿತರು, "ಮಾತಾಮಹಿ... ಪೇರು ಸೊಲ್ಲುಂಗೋ" ಎಂದರು. ಇಷ್ಟು ವರ್ಷ ಒಂದು ಊರಿಗೆ ಎಳ್ಳುನೀರು ಬಿಟ್ಟಿದ್ದೆ. ಇಂದು ಅದನ್ನು ಉಚ್ಚರಿಸಲು ನಾಲಗೆ ಏಳಲಿಲ್ಲ. ಹಿಂದೆ ಜನ ಕಾಯುತ್ತಿದ್ದರು. ಬೆರಳ ಸಂದಿನಿಂದ ನೀರು ಸೋರುತ್ತಿತ್ತು. "ಸೀಕ್ರಂ, ಪೆರಿಯವರೇ" ಎಂದು ಪುರೋಹಿತರು ಅವಸರಪಡಿಸಿದರು.

ಕಣ್ಣು ಮುಚ್ಚಿದೆ. ಅವನ ಆ ನಾಲ್ಕು ಆಯ್ಕೆಗಳಲ್ಲಿ ಮೊದಲನೆಯದನ್ನೇ, ಪಳನಿಯಮ್ಮಾಳ್ ಎಂದು —