ನೆಲದ ಆಮೆ, ನೀರಿನ ತೊಟ್ಟಿ

ಬೈಯಪ್ಪನಹಳ್ಳಿ
13 ಜುಲೈ 2025

ನನ್ನ ಮಾತು ಮುಗಿಯುವ ಮೊದಲೇ ಫೋನ್ ಇಡುವ ಯಜಮಾನರಿಗೆ ಯಮುನಾಳ ನಮಸ್ಕಾರ.

ಕಾಗದವನ್ನು ನಡುವೆ ಕಟ್ ಮಾಡಲಾಗದು, ಅದಕ್ಕೇ ಬರೆಯುತ್ತಿದ್ದೇನೆ. ನಕ್ಷತ್ರ ಆಮೆಯನ್ನು ಸೋಮವಾರದೊಳಗೆ ಹಲಸೂರಿನ ಮನೆಗೆ ತಂದುಬಿಡದಿದ್ದರೆ ನಾನೂ ಬರಬೇಕಾಗಿಲ್ಲ ಎಂದು ನಿಮ್ಮ ತಮ್ಮನ ಕೈಲಿ ಹೇಳಿಸಿದ್ದೀರಿ. ಆಮೆ ಬರುವುದಿಲ್ಲ.

ಶೋಕೇಸಿನ ಹಿತ್ತಾಳೆ ಆಮೆ ತಟ್ಟೆಯ ನೀರಿನಲ್ಲಿ ಕೂತಿದೆ, ಆದ್ದರಿಂದ ಜೀವವಿರುವ ಆಮೆಗೂ ನೀರೇ ಬೇಕೆಂದು ನೀವೇ ತೀರ್ಮಾನಿಸಿದಿರಿ. ಗೆಳೆಯನೊಬ್ಬ ಕದ್ದುಮುಚ್ಚಿ ತಂದುಕೊಟ್ಟದ್ದನ್ನು ನಮ್ಮ ಕೆಂಪು ಕಿವಿಯ ನೀರಾಮೆಯ ತೊಟ್ಟಿಗೇ ಇಳಿಸಿದಿರಿ. ಜೋಡಿ ಇದ್ದರೆ ಶುಭವಂತೆ! ನೀರಾಮೆ ಅದರ ಕಾಲು ಕಚ್ಚಿತು. ತೋರಿಸಿದರೆ, "ಎರಡೂ ಆಮೆನೇ ಕಣೇ, ನಾಲ್ಕು ದಿನ ಹೋದ್ರೆ ಅಡ್ಜಸ್ಟ್ ಆಗ್ತವೆ" ಎಂದು ಟಿವಿ ಹಾಕಿಕೊಂಡಿರಿ. ಮರುದಿನವೇ ಅದನ್ನು ಬಕೆಟ್ಟಿಗೆ ಹಾಕಿಕೊಂಡು ಪಿಜಿಗೆ ಬಂದೆ.

ಅಡ್ಜಸ್ಟ್ ಮಾಡಿಸುವ ವಿಷಯ ನನಗೆ ಹೇಳಬೇಡಿ. ಹನ್ನೊಂದು ವರ್ಷದಿಂದ ಲೇಡೀಸ್ ಪಿಜಿ ನಡೆಸುತ್ತಿದ್ದೇನೆ. ನೈಟ್ ಶಿಫ್ಟಿನವಳ ರೂಮಿಗೆ ಬೆಳಗ್ಗೆ ಐದಕ್ಕೆ ಅಲಾರಂ ಇಡುವವಳನ್ನು ಹಾಕಿದರೆ ಎಷ್ಟನೇ ದಿನ ಯಾರು ಸೂಟ್‌ಕೇಸ್ ಹಿಡಿದು ಇಳಿಯುತ್ತಾರೆಂದು ಮೊದಲೇ ಹೇಳಬಲ್ಲೆ. ಇಬ್ಬರೂ ಒಳ್ಳೆಯವರೇ. ರೂಮು ಒಂದಾಗಬಾರದು, ಅಷ್ಟೇ.

ಎರಡನೇ ಮಹಡಿಯ ನಾಜಿಶ್ ಪ್ರಾಣಿಗಳ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಹುಡುಗಿ. ಬಕೆಟ್ಟಿನೊಳಗೆ ನೋಡಿ ನನಗೇ ಬೈದಳು: "ಆಂಟಿ, ಇದು ನೆಲದ್ದು! ಈಜೋಕೇ ಬರಲ್ಲ. ಇನ್ನೊಂದು ವಾರ ಬಿಟ್ಟಿದ್ರೆ ಮುಳುಗೇ ಸಾಯ್ತಿತ್ತು. ಮನೇಲಿ ಇಟ್ಕೊಳ್ಳೋದೂ ಕೇಸು, ಗೊತ್ತಾ?" ಆಮೆಯ ಕಣ್ಣು ಊದಿ ಮುಚ್ಚಿಕೊಂಡಿತ್ತು. ಔಷಧಿ ಹಾಕಿ ಟೆರೇಸಿನ ಒಣ ಮಣ್ಣಿನಲ್ಲಿ ಇಟ್ಟೆವು. ಆರು ದಿನ ಏನೂ ಮುಟ್ಟಲಿಲ್ಲ. ಏಳನೇ ದಿನ ದಾಸವಾಳದ ಎಲೆ, ಒಂದೂವರೆ. ಬರೆದಿಟ್ಟಿದ್ದೇನೆ.

ನಿನ್ನೆ ಅರಣ್ಯ ಇಲಾಖೆಗೆ ಒಪ್ಪಿಸಿ ಬಂದೆ. ಅಳಲಿಲ್ಲ, ನಾಜಿಶ್ ಏನೇ ಹೇಳಲಿ.

ಇನ್ನು ನನ್ನ ವಿಷಯ. ಗಡುವು ಕೊಟ್ಟು ಕರೆಯುವ ಮನೆಗೆ ನಾನು ಬರುವುದಿಲ್ಲ. ಮಾತಾಡುವುದಿದ್ದರೆ ನೀವೇ ಮೆಟ್ರೋ ಹತ್ತಿ ಬನ್ನಿ. ಇಲ್ಲಿ ಗಂಡಸರಿಗೆ ಗೇಟಿನವರೆಗೆ ಮಾತ್ರ ಪ್ರವೇಶ; ನಿಮಗೂ ಅದೇ ರೂಲ್ಸು.

ಇಂತಿ,
ಸದ್ಯಕ್ಕೆ ನಿಮ್ಮ ಹೆಂಡತಿಯೇ ಆಗಿರುವ
ಯಮುನಾ

ತಾ.ಕ.: ಆಮೆಯನ್ನು ಇಟ್ಟುಕೊಂಡಿದ್ದವರು ಯಾರು ಎಂದು ಇಲಾಖೆಯವರು ಕೇಳಿದರು. ನನ್ನ ಹೆಸರು, ಪಿಜಿ ವಿಳಾಸ ಬರೆಸಿದ್ದೇನೆ. ವಿಚಾರಣೆಗೆ ಕರೆದರೆ ನಾನೇ ಹೋಗುತ್ತೇನೆ. ಪ್ರೀತಿ ಎಂದುಕೊಳ್ಳಬೇಡಿ. ಶುಗರ್ ಇರುವ ಮನುಷ್ಯ, ಊಟದ ಹೊತ್ತು ಮೀರಿ ಅವರ ಆಫೀಸಿನ ಬೆಂಚಿನ ಮೇಲೆ ಕೂರಿಸಿದರೆ ತಲೆ ತಿರುಗಿ ಬೀಳುತ್ತೀರಿ.