ಆ ಕಡೆ ಕೂತವರು ಯಾರು

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಖಟಖಟನಿಗೆ,

ನಿನ್ನ ಹಳೆಯ ಗೆಳೆಯ ಫ್ಯೂಸ್ ಮಾಡುವ ನಮಸ್ಕಾರಗಳು. ಐ ಆಮ್ ಕ್ವೈಟ್ ವೆಲ್ ಹಿಯರ್ ಅಂಡ್ ಹೋಪ್ ದ ಸೇಮ್ ವಿತ್ ಯೂ. ಕಾಲೇಜಿನಲ್ಲಿ ಕಲಿಸಿದ ಹಾಗೆ ಶುರುಮಾಡಿಬಿಟ್ಟೆ, ಹಾಸಿಗೆ ಹಿಡಿದವನಿಗೆ ಹೀಗೆ ಬರೆಯಬಾರದಿತ್ತು. ಹೊಡೆದುಹಾಕಿದರೆ ಕಾಗದ ಕೊಳಕಾಗುತ್ತದೆ, ಇರಲಿ ಬಿಡು. ತಂಗಿ ಫೋನ್ ಮಾಡಿ ನಿನ್ನ ವಿಷಯ ಹೇಳಿ ಹದಿನೆಂಟು ದಿನವಾಯಿತು. ಆವತ್ತೇ ಬರೆಯಬೇಕಿತ್ತು. ಮೂರು ಸಲ ಬರೆದು ಹರಿದುಹಾಕಿದೆ. ತಡವಾದದ್ದಕ್ಕೆ ಕ್ಷಮೆಯಿರಲಿ.

ಇದನ್ನು ತಂಗಿಯೇ ನಿನಗೆ ಓದಿ ಹೇಳುತ್ತಾಳೆ. ತಂಗೀ, ಗಂಡನಿಗೆ ಓದುವಾಗ ನಡುವೆ ನಿಲ್ಲಿಸಬೇಡಮ್ಮ. ಹಾರಿಸಿಯೂ ಓದಬೇಡ. ಎಲ್ಲಿ ಹಾರಿಸಬೇಕು ಅನ್ನಿಸುತ್ತದೋ ಅಲ್ಲಿ ಇನ್ನೂ ನಿಧಾನವಾಗಿ ಓದು.

ನಾನು ಹುಟ್ಟಾ ಅನುಮಾನದ ಪ್ರಾಣಿ, ನಿನಗೆ ಗೊತ್ತು. "ಕನ್ನಡಿಯಲ್ಲಿ ಕಂಡವನನ್ನೂ ನೀನ್ಯಾರಯ್ಯಾ ಅಂತ ಕೇಳೋರು ನೀವು" ಎಂದು ನನ್ನವಳು ತೀರಿಹೋಗುವ ತನಕವೂ ಹಂಗಿಸುತ್ತಿದ್ದಳು. ಅವಳಿದ್ದಾಗ ಆ ಅನುಮಾನಕ್ಕೆ ಒಂದು ಬಿರಡೆ ಇತ್ತು. ಈಗ ಮನೆಯಲ್ಲಿ ಬಾಗಿಲು ತಾನಾಗಿ ಮುಚ್ಚಿಕೊಂಡರೂ ಯಾರು ಮುಚ್ಚಿದರು ಎಂದು ಎದ್ದು ಹೋಗಿ ನೋಡುತ್ತೇನೆ. ಹೀಗಿರುವವನ ಕೈಗೆ ಹ್ಯಾಮ್ ರೇಡಿಯೋದಲ್ಲಿ ಅಕ್ಷರ ಕಳಿಸುವ ಟೆಲಿಟೈಪ್ ಕೊಟ್ಟರೆ ಏನಾಗುತ್ತದೆ ಹೇಳು. ಹನ್ನೊಂದು ವರ್ಷದಿಂದ ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನೀನಲ್ಲಿ ಕೀಲಿ ಒತ್ತಿದರೆ ನನ್ನ ಪರದೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ನಿನ್ನ ಕನ್ನಡ ಮೂಡುತ್ತದೆ. ದನಿಯಿಲ್ಲ, ಮುಖವಿಲ್ಲ. ಎರಡೇ ಸ್ವರ, ಒಂದು ಮೇಲೆ, ಒಂದು ಕೆಳಗೆ, ನಡುವಿನ ಅಂತರ ನೂರಾ ಎಪ್ಪತ್ತು ಹರ್ಟ್ಸ್. ಮೋರ್ಸ್ ಆದರೆ ಹೊಡೆಯುವವನ ಕೈ ಗುರುತು ಸಿಗುತ್ತದೆ. ಇಲ್ಲಿ ಯಾರು ಒತ್ತಿದರೂ ಅಕ್ಷರ ಅದೇ.

ಅದೇ ಅನ್ನುತ್ತಾರೆ, ಆದರೆ ನಾನು ಒಪ್ಪುವುದಿಲ್ಲ. ನಿನ್ನದು ಎರಡು ಬೆರಳಿನ ಟೈಪಿಂಗ್. ಒಂದು ಅಕ್ಷರ ಒತ್ತಿ ಮುಂದಿನದನ್ನು ಕೀಲಿಮಣೆಯಲ್ಲಿ ಹುಡುಕುತ್ತೀಯ. ಬೆರಳು ನಿಂತಾಗ ಯಂತ್ರ ಸುಮ್ಮನಿರುವುದಿಲ್ಲವಲ್ಲ, ಈ ಕಡೆಯ ಯಂತ್ರ ತಾಳ ತಪ್ಪದಿರಲಿ ಎಂದು ಖಾಲಿ ಸಂಕೇತ ಕಳಿಸುತ್ತಲೇ ಇರುತ್ತದೆ. ಆ ಖಾಲಿ ಕುಲುಕಾಟ ಕೇಳಿಯೇ ನೀನು ಯಾವ ಅಕ್ಷರ ಹುಡುಕುತ್ತಿದ್ದೀಯ ಎಂದು ನಾನು ಹೇಳಬಲ್ಲೆ. ನವೆಂಬರ್ ಮೊದಲ ಭಾನುವಾರ ನೀನು ಬರಲಿಲ್ಲ. ಎರಡನೆಯ ಭಾನುವಾರ ನಿನ್ನ ಲೈಸೆನ್ಸಿನ ಗುರುತಾದ ಕಾಲ್‌ಸೈನ್ ಬಂತು, ಆದರೆ ಖಾಲಿ ಜಾಗವೇ ಇಲ್ಲ! ನಲ್ಲಿ ತಿರುಗಿಸಿದ ಹಾಗೆ ಅಕ್ಷರ ಸುರಿಯಿತು. ಒಂದು ತಪ್ಪೂ ಇಲ್ಲ. ನೀನು ಬರೆದದ್ದರಲ್ಲಿ ತಪ್ಪಿಲ್ಲವೆಂದರೆ ಅನುಮಾನ ಬಾರದೆ ಇರುತ್ತದೆಯೇ?

ಸ್ವರಗಳನ್ನು ಅಳೆದೆ. ಆ ಎರಡು ಸ್ವರ ಹುಟ್ಟಿಸಲು ನೀನು ಕೈಯಾರೆ ಬೆಸೆದ ಸ್ವರದ ಪೆಟ್ಟಿಗೆ ಯಾವತ್ತೂ ಸರಿಯಾಗಿ ನೂರಾ ಎಪ್ಪತ್ತಕ್ಕೆ ನಿಂತದ್ದಿಲ್ಲ, ನೂರಾ ಎಂಬತ್ತೆರಡು, ಸೆಕೆಯ ದಿನ ನೂರಾ ಎಂಬತ್ತೈದು. ಈಗ ಸ್ಕೇಲ್ ಇಟ್ಟು ಗೆರೆ ಎಳೆದಂತೆ ನೂರಾ ಎಪ್ಪತ್ತು. ಅದರ ಮೇಲೆ ವಾರದಿಂದ ವಾರಕ್ಕೆ ಸಿಗ್ನಲ್ ಊದಿಕೊಳ್ಳುತ್ತಾ ಬಂತು. ಪರದೆಯಲ್ಲಿ ಎರಡು ಗೆರೆ ಇರಬೇಕಾದ ಕಡೆ ಆರು ಗೆರೆ, ಅಕ್ಕಪಕ್ಕದವರ ಮಾತಿನ ಮೇಲೆಲ್ಲ ಮಸಿ ಚೆಲ್ಲಿದ ಹಾಗೆ. ಟೆಲಿಟೈಪ್‌ನಲ್ಲಿ ಸ್ವರಕ್ಕೆ ಬಿಡುವಿಲ್ಲ, ಸೆಟ್ಟು ಕಾದು ಸುಡುತ್ತದೆ, ಅದಕ್ಕೇ ನೂರು ವ್ಯಾಟ್ ಸೆಟ್ಟನ್ನು ನಲವತ್ತಕ್ಕಿಂತ ಮೇಲೆ ಏರಿಸಬಾರದು ಎಂದು ನನಗೆ ಬೈದು ಕಲಿಸಿದವನು ನೀನು. ಹಾಗಿದ್ದರೆ ಆ ಕಡೆ ಕೂತವರು ಯಾರು?

ಎರಡು ಸಲ ಫೋನ್ ಮಾಡಿದೆ. ಮೊದಲ ಸಲ ತಂಗಿ, "ಸ್ನಾನಕ್ಕೆ ಹೋಗಿದಾರೆ ಅಣ್ಣ" ಎಂದಳು. ಎರಡನೆಯ ಸಲವೂ ಸ್ನಾನ. ಮನುಷ್ಯ ಎಷ್ಟು ಸ್ನಾನ ಮಾಡುತ್ತಾನೆ? ನಮ್ಮ ಬೀದಿಯ ರೇಡಿಯೋ ರಿಪೇರಿಯವನ ಹತ್ತಿರ ಹೋಗಿ ಕಾಗದದಲ್ಲಿ ಆ ಆರು ಗೆರೆ ಬರೆದು ತೋರಿಸಿದೆ. ಅವನು ಬೆಸುಗೆ ಕಡ್ಡಿಯಿಂದ ಕಣ್ಣೆತ್ತದೆ, "ಇದು ಹೊಸಬನ ಕೆಲಸ ಸಾರ್. ನಿಮ್ಮ ಫ್ರೆಂಡು ಸೆಟ್ಟು ಮಾರಿರ್ತಾರೆ. ಕಾಲ್‌ಸೈನ್ ಸಮೇತ ಮಾರೋರಿದ್ದಾರೆ ಈಗ" ಎಂದ. "ನನಗೆ ಹೇಳದೆ ಮಾರ್ತಾನಾ?" ಎಂದೆ. "ಹೇಳಿದ್ರೆ ನೀವು ಬಿಡ್ತಿದ್ರಾ?" ಎಂದು ನಕ್ಕ. ಅವನ ಮೇಲೂ ನನಗೆ ಅನುಮಾನ ಬಂತು, ಕೊಂಡವನು ಇವನೇ ಇರಬಹುದೇ ಎಂದು.

ಮುಂದಿನ ಭಾನುವಾರ ಒಂದು ಬಲೆ ಹಾಕಿದೆ. 'ಕಾಲೇಜಿನ ಲ್ಯಾಬಿನಲ್ಲಿ ನಾನು ಸುಟ್ಟದ್ದು ಎಷ್ಟು ಆಂಪಿಯರಿನ ಫ್ಯೂಸು?' ಇಡೀ ಲೋಕದಲ್ಲಿ ಅದು ನಿನಗೊಬ್ಬನಿಗೇ ಗೊತ್ತು. ಉತ್ತರ ಬಂತು: 'ಅದೆಲ್ಲ ಈಗ್ಯಾಕೆ? ಊಟಕ್ಕೆ ಏನು ಮಾಡಿಕೊಂಡಿರಿ?' ಹನ್ನೊಂದು ವರ್ಷದಲ್ಲಿ ನೀನು ಕೇಳಿದ್ದು ನನ್ನ ಆಂಟೆನಾದ ಎತ್ತರ ಒಂದನ್ನೇ. ಅದೂ 'ಮಾಡಿಕೊಂಡಿರಿ' ಎಂಬ ಬಹುವಚನ ಬೇರೆ.

ಫೆಬ್ರುವರಿ ಒಂಬತ್ತರಂದು, ನಿನ್ನ ಕಾಲ್‌ಸೈನಿನಲ್ಲಿ ಬೇರೆಯವರು ಕೂರುತ್ತಿದ್ದಾರೆಂದು ಲೈಸೆನ್ಸ್ ಇಲಾಖೆಗೆ ಯಾರೋ ದೂರು ಬರೆದರು. 'ಇಟ್ ಹ್ಯಾಸ್ ಬೀನ್ ಅಬ್ಸರ್ವ್ಡ್ ಫಾರ್ ದ ಲಾಸ್ಟ್ ಟೂ ವೀಕ್ಸ್' ಎಂದು ಶುರುವಾಗುವ ದೂರು. ಪ್ಯಾಸಿವ್ ವಾಯ್ಸ್‌ನಲ್ಲಿ ಬರೆದರೆ ನೋಡಿದವನು ಯಾರು ಎಂದು ಹೇಳಬೇಕಾಗಿಲ್ಲ, ಅದೊಂದು ಅನುಕೂಲ. ಆ ಯಾರೋ ನಾನೇ ಕಣೋ.

ಜೀವಮಾನದಲ್ಲಿ ಒಮ್ಮೆಯೂ ಚುರುಕಾಗದ ಇಲಾಖೆ ಹನ್ನೊಂದೇ ದಿನಕ್ಕೆ ನಿಮ್ಮ ಮನೆಗೆ ಬಂತು. ಸೆಟ್ಟಿಗೆ ಚೀಟಿ ಅಂಟಿಸಿ ಮೊಹರು ಹಾಕಿತು. ಮಾರನೆಯ ದಿನ ತಂಗಿಯ ಫೋನ್ ಬಂತು. ಅವಳು ಆಡಿದ ಮಾತನ್ನು ಅವಳ ಬಾಯಲ್ಲೇ ನಿನಗೆ ಓದಿಸುತ್ತಿದ್ದೇನೆ:

"ಅಣ್ಣಾ, ಸುಳ್ಳು ಹೇಳಿದ್ದೆ. ಇವರಿಗೆ ನವೆಂಬರಲ್ಲೇ ಲಕ್ವಾ ಹೊಡೀತು. ಮಾತು ಹೋಯ್ತು, ಬಲಗೈ ಹೋಯ್ತು. ಭಾನುವಾರ ಹತ್ತು ಗಂಟೆ ಆದ್ರೆ ಆ ಸೆಟ್ಟನ್ನೇ ನೋಡ್ತಾ ಮಲಗಿರ್ತಾರೆ. ನಿಮ್ಮ ಅಕ್ಷರ ಬಂತು ಅಂದ್ರೆ ಎಡಗೈ ಬೆರಳು ಆಡಿಸ್ತಾರೆ. ಅದನ್ನ ನೋಡೋಕ್ಕೆ ಅಂತ ನಾನು ಕೂತೆ. ನಿಮಗೆ ಹೇಳಿದ್ರೆ, ಲೈಸೆನ್ಸ್ ಇಲ್ದೋರು ಕೂರ್ಬಾರ್ದು, ರೂಲ್ಸು ರೂಲ್ಸು ಅಂತ ಬರೋದನ್ನೇ ನಿಲ್ಲಿಸ್ತೀರಿ ಅಂತ ಹೇಳ್ಲಿಲ್ಲ."

"ಸ್ವರದ ಪೆಟ್ಟಿಗೆ ಏನಾಯ್ತು?" ಎಂದು ಕೇಳಿದೆ. ನೋಡು, ಇಷ್ಟೆಲ್ಲ ಕೇಳಿದ ಮೇಲೂ ನನ್ನ ಬಾಯಿಗೆ ಮೊದಲು ಬಂದದ್ದು ಪೆಟ್ಟಿಗೆ.

"ಅದನ್ನ ಮುಟ್ಟಿದ್ರೆ ಜುಂ ಅನ್ನುತ್ತಣ್ಣ, ಅದಕ್ಕೇ ಕಂಪ್ಯೂಟರಿಂದಲೇ ಕಳಿಸ್ದೆ. ನೀವು ಒಂದೆರಡು ಸಲ 'ಅಕ್ಷರ ಕೆಟ್ಟಿದೆ' ಅಂತ ಬರೆದ್ರಲ್ಲ, ವಯಸ್ಸಿಗೆ ನಿಮ್ಮ ಕಿವಿ ಮಂದ ಆಗಿರ್ಬೇಕು, ಪಾಪ ಕೇಳಿಸ್ಲಿ ಅಂತ ಸದ್ದು ಏರಿಸ್ತಾ ಹೋದೆ."

ಏರಿಸಿದಷ್ಟೂ ಅಕ್ಷರ ಕೆಟ್ಟಿತು, ಕೆಟ್ಟಿದೆ ಎಂದು ನಾನು ಬರೆದಷ್ಟೂ ಇವಳು ಏರಿಸಿದಳು. ಆ ಆರು ಗೆರೆ ಹುಟ್ಟಿದ್ದು ಹಾಗೆ.

ಕೊನೆಗೆ, "ಯಾರಣ್ಣಾ ಇಂಥ ಕೆಲಸ ಮಾಡಿದ್ದು? ನಮ್ಮಿಂದ ಯಾರಿಗೆ ಏನಾಗಿತ್ತು?" ಎಂದಳು. "ವಿಚಾರಿಸ್ತೀನಮ್ಮ" ಎಂದು ಫೋನ್ ಇಟ್ಟೆ. ವಿಚಾರಿಸಲು ಹದಿನೆಂಟು ದಿನ ಹಿಡಿಯಿತು.

ಇಪ್ಪತ್ತನೆಯ ತಾರೀಖು ಇಲಾಖೆಯಲ್ಲಿ ನಿನ್ನ ಲೈಸೆನ್ಸಿನ ವಿಚಾರಣೆ ಇದೆಯೆಂದು ತಂಗಿ ಹೇಳಿದ್ದಾಳೆ. ನಾನು ಬರುತ್ತೇನೆ. ದೂರು ಕೊಟ್ಟವನು ನಾನು, ಸಿಗ್ನಲ್ ಕೆಡಿಸಿದ್ದರಲ್ಲಿ ಅರ್ಧ ಪಾಲು ನನ್ನದು, ಕಳಿಸುವಾಗ ಲೈಸೆನ್ಸ್ ಇದ್ದವನು ಅದೇ ಕೋಣೆಯಲ್ಲಿ ಎಚ್ಚರವಾಗಿಯೇ ಇದ್ದ ಎಂದು ಹೇಳುತ್ತೇನೆ. ಅವರು ಕೇಳುತ್ತಾರೋ ಇಲ್ಲವೋ ಗೊತ್ತಿಲ್ಲ. ಕೇಳದಿದ್ದರೆ ನನ್ನ ಲೈಸೆನ್ಸನ್ನೂ ಅವರ ಮೇಜಿನ ಮೇಲಿಟ್ಟು ಬರುತ್ತೇನೆ. ಅಲ್ಲಿಂದ ನಿಮ್ಮ ಮನೆಗೆ ಬರುವುದೋ ಬೇಡವೋ, ಅದನ್ನು ನೀವಿಬ್ಬರೂ ಹೇಳಬೇಕು.

ಔಷಧಿ ತಪ್ಪಿಸಬೇಡ. ಬಲಗೈಗೆ ಹೇಳಿಕೊಟ್ಟ ವ್ಯಾಯಾಮವನ್ನು ಬೈದುಕೊಂಡಾದರೂ ಮಾಡು, ಬೈಗುಳಕ್ಕೆ ಮಾತೇ ಬೇಕೆಂದಿಲ್ಲ. ತಂಗಿಗೆ ಹಿರಿಯನಾಗಿ ಆಶೀರ್ವಾದ ಹೇಳುವ ಮುಖ ನನಗಿಲ್ಲ, ಆದರೂ ಹೇಳುತ್ತೇನೆ: ನೀವಿಬ್ಬರೂ ನೂರು ಕಾಲ ಚೆನ್ನಾಗಿರಿ.

ಯುವರ್ಸ್ ಫೇತ್‌ಫುಲಿ ಎಂದು ಬರೆಯಲು ಕೈ ಬರುತ್ತಿಲ್ಲ.

ಇಂತು,
ನಿನ್ನ ಫ್ಯೂಸ್

ತಾ.ಕ.: ದೂರಿನಲ್ಲಿ 'ಎರಡು ವಾರದಿಂದ' ಎಂದು ಬರೆದದ್ದು ಸುಳ್ಳು. ಹದಿನಾಲ್ಕು ಭಾನುವಾರ ಅದು ನೀನಲ್ಲವೆಂದು ಗೊತ್ತಿದ್ದೂ ಕೂತು ಉತ್ತರ ಕೊಟ್ಟೆ. ರಿಪೇರಿಯವನ ಹತ್ತಿರ ಹೋದದ್ದು, ಬಲೆ ಹಾಕಿದ್ದು ಎಲ್ಲ ನನ್ನ ಮುಖ ಉಳಿಸಿಕೊಳ್ಳಲು. ಕೋರ್ಟಿನಲ್ಲಿ ಮೂವತ್ತು ವರ್ಷ ಟೈಪಿಸ್ಟ್ ಆಗಿದ್ದವಳ ಹತ್ತು ಬೆರಳು ನನಗೆ ಗೊತ್ತಾಗಲಿಲ್ಲವೇ, ಮೊದಲ ದಿನವೇ ಗೊತ್ತಾಯಿತು. ಆದರೂ ಸುಮ್ಮನಿದ್ದೆ. ಪ್ರತಿ ಭಾನುವಾರ ಮುಗಿಸುವಾಗ ಅವಳು 'ಊಟ ಆಯ್ತಾ' ಎಂದು ಕೇಳುತ್ತಿದ್ದಳು. ನನ್ನವಳು ಹೋದ ಮೇಲೆ ನನ್ನನ್ನು ಹಾಗೆ ಕೇಳಿದವರಿಲ್ಲ. ಫೆಬ್ರುವರಿ ಒಂಬತ್ತರಂದು ಕೇಳಲಿಲ್ಲ. ಒಂದೇ ಕೀಲಿ ಒತ್ತಿದರೆ ಹೋಗುವಂತೆ ನೀನು ಯಂತ್ರದಲ್ಲಿ ಮೊದಲೇ ತುಂಬಿಟ್ಟಿದ್ದ ಎರಡು ಸಾಲು, ಸಿಗ್ನಲ್ ಚೆನ್ನಾಗಿದೆ, ಧನ್ಯವಾದ, ಅಷ್ಟೇ ಬಂದು ನಿಂತುಹೋಯಿತು. ಆವತ್ತು ನಿನಗೆ ಜ್ವರ ಏರಿತ್ತಂತೆ, ಒಂದು ಕೈಯಲ್ಲಿ ನಿನ್ನನ್ನು ಹಿಡಿದುಕೊಂಡು ಇನ್ನೊಂದರಲ್ಲಿ ಆ ಕೀಲಿ ಒತ್ತಿದಳಂತೆ. ನನಗೇನು ಗೊತ್ತು. ಅರ್ಧ ಗಂಟೆ ಪರದೆ ನೋಡಿದೆ. ಆಮೇಲೆ ಊಟ ಮಾಡದೆ ಕೂತು ದೂರು ಬರೆದೆ.