ಮಾದನಕೆರೆಯ ಖಾಲಿ ಪುಟಗಳು

ಹದಿಮೂರನೆಯ ತಿಂಗಳು, ಆರನೆಯ ದಿನ, ಇಸವಿ ೨೨೬೮
ಮಾದನಕೆರೆ

ನಮಗಿಂತ ಬಹಳ ಹಿಂದಿನ ಕಾಲದಲ್ಲಿ ಈ ಕೆರೆಯ ದಂಡೆಗೆ ಚಳಿಗಾಲದ ಹಕ್ಕಿ ನೋಡಲು ಬರುವ ಹಿರಿಯರಿಗೆ ಸಂಕವ್ವ ಮಾಡುವ ಶರಣು.

ಮೇಲಿನ ತಾರೀಖು ನಿಮಗೆ ತಪ್ಪಾಗಿ ಕಾಣಬಹುದು. ತಪ್ಪಲ್ಲ. ನಮ್ಮ ವರ್ಷಕ್ಕೆ ಹದಿಮೂರು ತಿಂಗಳು. ಕೊನೆಯದನ್ನು ಹಕ್ಕಿ ಎಣಿಸಲು ಮೀಸಲಿಟ್ಟಿದ್ದೇವೆ, ಹೆಸರು ಎಣಿಕೆ ತಿಂಗಳು. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದು ನೀವೇ ಹಕ್ಕಿಗಳ ಲೆಕ್ಕ ಬರೆದಿಟ್ಟ ಪುಸ್ತಕದಿಂದ. ಅದರಲ್ಲಿ ಅಕ್ಷರಕ್ಕಿಂತ ಚಹಾದ ಕಲೆಯೇ ಹೆಚ್ಚು.

ನಮ್ಮಲ್ಲಿ ಯಾವ ಕೆರೆಗೆ ಕಾಲುವೆ ನೀರು ಬಿಡಬೇಕೆಂದು ತೀರ್ಮಾನಿಸುವುದು ನೀರುಸಭೆ. ಪಟ್ಟೆತಲೆ ಹೆಬ್ಬಾತುಗಳು ಸತತ ಮೂರು ವರ್ಷ ಐವತ್ತಕ್ಕಿಂತ ಕಡಿಮೆ ಬಂದರೆ ಅದನ್ನು ‘ಮುಗಿದ ಕೆರೆ’ ಎಂದು ಬರೆದು ನೀರು ನಿಲ್ಲಿಸುತ್ತಾರೆ. ನಮ್ಮ ಕೆರೆಗೆ ಆಚೆ ವರ್ಷ ನಲವತ್ತನಾಲ್ಕು ಬಂದವು, ಹೋದ ವರ್ಷ ಮೂವತ್ತೊಂದು. ಇದು ಮೂರನೆಯ ವರ್ಷ.

ಇವತ್ತು ನಸುಕಿನಲ್ಲೇ ಎಣಿಕೆಗೆ ಕೂತೆವು. ನನಗೆ ಈ ಕೆಲಸ ಕಲಿಸಿದ ಮೀರಾಸಾಬ ಕಾಕಾ ಕೆರೆಯ ಏರಿಯ ಮೇಲೆ, ನಾನು ಆಚೆ ಕಡಲೆ ಹೊಲದಲ್ಲಿ. ಎರೆಮಣ್ಣು ಕಾಲಿಗೆ ಮೆತ್ತಿಕೊಂಡಿತ್ತು, ಕಡಲೆ ಗಿಡದ ಹುಳಿ ಇಬ್ಬನಿಗೆ ಸೀರೆಯಂಚು ತೊಯ್ದಿತ್ತು. ಕೆಲವು ಹಕ್ಕಿ ನೀರಿನಲ್ಲಿರುತ್ತವೆ, ಕೆಲವು ರಾತ್ರಿಯಿಡೀ ಹೊಲದಲ್ಲಿ ಮೇಯ್ದು ಹೊತ್ತು ಮೂಡಿದಾಗ ಕೆರೆಗೆ ಮರಳುತ್ತವೆ. ಹೊಲದ ಹಿಂಡು ಮೇಲೆದ್ದ ಕೂಡಲೇ ಇಬ್ಬರೂ ಕೆರೆಗೆ ಬೆನ್ನು ಮಾಡಿ ನಿಲ್ಲಬೇಕು. ಅದಕ್ಕೆ ‘ತಿರುಗುಹೊತ್ತು’ ಎನ್ನುತ್ತೇವೆ. ಒಂದೇ ಹಕ್ಕಿ ಎರಡು ಸಲ ಲೆಕ್ಕಕ್ಕೆ ಬರಬಾರದೆಂದು ಈ ಕಟ್ಟಳೆ.

ನನ್ನ ಎಣಿಕೆ ಇಪ್ಪತ್ತಾರು, ಕಾಕಾ ಅವರದು ಇಪ್ಪತ್ತೊಂಬತ್ತು. ಒಟ್ಟು ಐವತ್ತೈದು. ಓಣಿಯವರು ಸಿಹಿ ಸಜ್ಜಕ ಮಾಡಿ ಮನೆಮನೆಗೆ ಹಂಚಿದರು.

ಊಟಕ್ಕೆ ಕೂತಾಗ ಕಾಕಾ ಅಂದರು: “ಒಂದರ ಎಡಗಾಲ ಜೋತ ಬಿದ್ದಿತ್ತು ನೋಡವಾ. ಪಾಪ, ಎಷ್ಟ ದೂರದಿಂದ ಬಂದೈತೋ.”

ನನ್ನ ತುತ್ತು ಕೈಯಲ್ಲೇ ಉಳಿಯಿತು. ಆ ಕುಂಟು ಹಕ್ಕಿಯನ್ನು ನಾನೂ ಹೊಲದಲ್ಲಿ ಎಣಿಸಿದ್ದೆ. ಕಾಕಾ ಬೆನ್ನು ತಿರುಗಿಸಿರಲಿಲ್ಲ. ನೀರಿನಲ್ಲಿದ್ದ ಮೂರರ ಜೊತೆ, ನನ್ನ ಹೊಲದಿಂದ ಹಾರಿಬಂದ ಇಪ್ಪತ್ತಾರನ್ನೂ ಸೇರಿಸಿಬಿಟ್ಟಿದ್ದರು.

ಕೇಳಿದೆ. ಅವರು ತಲೆ ತಗ್ಗಿಸಿದರು. “ತಿರಗಬೇಕಂತನ ಇದ್ದೆ. ಅವು ಬರೂದ ಕಂಡು ಮನಸ್ಸ ತಡೀಲಿಲ್ಲವಾ. ಐವತ್ತೈದ ಇರಲಿ ಬಿಡು, ಯಾರ ನೋಡ್ಯಾರ?”

ಅವರ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಮರುಕ ಬಂತು. ನನಗೂ ಆಸೆ ಇತ್ತು, ಸುಳ್ಳೇಕೆ ಹೇಳಲಿ. ಆದರೆ ಐವತ್ತೈದನ್ನು ಹೊಡೆದುಹಾಕಿ ಇಪ್ಪತ್ತೊಂಬತ್ತು ಬರೆದೆ, ಕೆಳಗೆ ರುಜು ಹಾಕಿದೆ. ಅದರ ಕೆಳಗೆ ಕಾಕಾ ತಾವೂ ಹಾಕಿದರು.

ಹಾಗೆಂದು ಕೆರೆ ಬಿಟ್ಟುಕೊಡುವವಳು ನಾನಲ್ಲ. ನಿಮ್ಮ ಪುಸ್ತಕದಲ್ಲಿ ಒಂದು ಪುಟವಿದೆ: ‘ಹೆಬ್ಬಾತು: ೦. ಆರರಿಂದ ಹತ್ತರವರೆಗೆ ಕಾದೆ.’ ಅದಾದ ನಾಲ್ಕನೆಯ ಚಳಿಗಾಲದ ಪುಟದಲ್ಲಿ ಆರುನೂರ ಹನ್ನೆರಡು. ಒಂದೂ ಬಾರದ ಕೆರೆಗೆ ಹಕ್ಕಿ ಮರಳಿ ಬಂದದ್ದಕ್ಕೆ ನನ್ನ ಬಳಿ ಇರುವ ಸಾಕ್ಷಿ ಇದೊಂದೇ. ಒಂದು ಸಾಕ್ಷಿಯನ್ನು ನೀರುಸಭೆಯವರು ಆಕಸ್ಮಿಕ ಎಂದು ತಳ್ಳಿಹಾಕುತ್ತಾರೆ. ಬೇರೆ ಒಂಬತ್ತು ಚಳಿಗಾಲದ ಪುಟಗಳಲ್ಲಿ ತಾರೀಖು ಮಾತ್ರ ಇದೆ, ಕೆಳಗೆ ಖಾಲಿ. ನೀವು ಬಂದಿರಿ, ಹಕ್ಕಿ ಕಾಣಲಿಲ್ಲ, ಬೇಜಾರಾಗಿ ಚಹಾ ಕುಡಿದು ಮನೆಗೆ ಹೋದಿರಿ. ಇಲ್ಲದ್ದನ್ನು ಏನು ಬರೆಯುವುದೆಂದು ನಿಮಗನ್ನಿಸಿರಬೇಕು. ಖಾಲಿ ಪುಟ ಕಂಡರೆ ನಮ್ಮ ಸಭೆ ಯಾರೂ ಕೆರೆ ನೋಡಿಲ್ಲವೆಂದೇ ತಿಳಿಯುತ್ತದೆ.

ಅದಕ್ಕೇ ಕೇಳುತ್ತಿದ್ದೇನೆ. ದುರ್ಬೀನು ಚೀಲಕ್ಕೆ ಹಾಕುವ ಮೊದಲು ಸೊನ್ನೆ ಬರೆಯಿರಿ. ಎಷ್ಟು ಹೊತ್ತು ಕಾದಿರೆಂದು ಬರೆದು ರುಜು ಹಾಕಿ. ಮರುವರ್ಷವೂ ಬನ್ನಿ, ಮುಂದೆ ಹಕ್ಕಿ ಮರಳಿದರೆ ಆ ಸೊನ್ನೆಯೇ ನಮಗೆ ಸಾಕ್ಷಿ.

ಸಭೆ ಇರುವುದು ನಾಡಿದ್ದು ಬೆಳಿಗ್ಗೆ. ನೀವು ಅಲ್ಲಿ ಬರೆದರೆ ಇಲ್ಲಿ ಖಾಲಿ ಪುಟ ತುಂಬಿರುತ್ತದೆಂದು ನಂಬಿ, ಅಲ್ಲಿಯವರೆಗೆ ನಿಮ್ಮ ಪುಸ್ತಕವನ್ನು ತೆರೆಯುವುದಿಲ್ಲ. ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಆ ಒಂಬತ್ತು ಪುಟಗಳನ್ನು ಎಲ್ಲರ ಎದುರೇ ಬಿಚ್ಚುತ್ತೇನೆ.